ಹಂಗೇರಿಯ ರಿಪೋರ್ಟಿಗೆ ನಾನು ಹೇಳಿಕೊಟ್ಟ ಇಂಗ್ಲಿಷ್

ಗೆಳೆಯರೇ, ಇವತ್ತು ನಡೆದದ್ದು ಕೇಳಿ. ಕಂಪನಿ ಟ್ರೇನಿಂಗಿಗೆಂದು ಹಂಗೇರಿಗೆ ಹೋಗಿದ್ದ ನಮ್ಮ ಯಜಮಾನರು ಅಲ್ಲಿ ತಲೆ ತಿರುಗಿ ಬಿದ್ದಿದ್ದರು. ಅಲ್ಲಿ ಮಾಡಿದ ಸ್ಕ್ಯಾನಿನ ರಿಪೋರ್ಟು ಪೂರ್ತಿ ಹಂಗೇರಿಯನ್ ಭಾಷೆಯಲ್ಲಿದೆ. ವಾಪಸ್ ಬಂದ ಮೇಲೆ ಇಲ್ಲಿ ಮಸ್ಕತ್ತಿನ ಡಾಕ್ಟರು "ಇಂಗ್ಲಿಷ್ ಮಾಡಿಸಿಕೊಂಡು ಬನ್ನಿ" ಎಂದುಬಿಟ್ಟರು. ಹಾಗಾಗಿ ಇವತ್ತು ಇವರ ಆಫೀಸಿನ ಹಂಗೇರಿಯನ್ ಇಂಜಿನಿಯರ್ ಇಲ್ಲೇ ಅಜೈಬಾ ಬಡಾವಣೆಯ ನಮ್ಮ ಮನೆಗೆ ಬಂದು ಅದನ್ನು ಇಂಗ್ಲಿಷಿನಲ್ಲಿ ಬರೆಯಲು ಕೂತರು. ನಾನು ಬಯಾಲಜಿ ಟೀಚರ್ ಎಂದು ತಿಳಿದದ್ದೇ, ನನ್ನನ್ನು ಕೇಳತೊಡಗಿದರು.

"ಮೇಡಂ, ತಲೆಯೊಳಗೆ ರಕ್ತ ಸೋರಿದರೆ ಇಂಗ್ಲಿಷಿನಲ್ಲಿ ಏನಂತಾರೆ?"

"ಹೆಮರೇಜ್."

"ಗಡ್ಡೆ ಬೆಳೆದರೆ?"

"ಟ್ಯೂಮರ್."

"ಅದು ಬೇರೆ ಕಡೆಯಿಂದ ಹರಡಿ ಬಂದಿದ್ದರೆ?"

ಉತ್ತರ ಗೊತ್ತಿತ್ತು; ಯಜಮಾನರ ಮುಖ ನೋಡಿದೆ. ಏಸಿ ಕೆಳಗೆ ಕೂತೂ ಬೆವರುತ್ತಿದ್ದ ಯಜಮಾನರು, "ಹೇಳಿಬಿಡ, ಏನರ ಇರ್ಲಿ, ಗೊತ್ತರ ಆಗ್ಲಿ" ಎಂದರು. "ಮೆಟಾಸ್ಟಾಸಿಸ್" ಎಂದು ಹೇಳಿ ಗೋಡೆ ಹಿಡಿದುಕೊಂಡೆ.

ಆತ ಬರೆದು ಮುಗಿಸಿ, ನಿಧಾನವಾಗಿ ಓದಿದರು: "ಹೆಮರೇಜ್ ಇಲ್ಲ. ಟ್ಯೂಮರ್ ಇಲ್ಲ. ಮೆಟಾಸ್ಟಾಸಿಸ್ ಇಲ್ಲ."

ಅದನ್ನು ಮೊದಲೇ ಹೇಳಬಾರದಿತ್ತೇ ಎಂದು ರೇಗಿದೆ. ಪಾಪ, ಗಾಬರಿಯಾಗಿ ಅಂದರು: "ಗೊತ್ತಿಲ್ಲದ ಪದ ಮಾತ್ರ ಕೇಳಿದೆ, ಮೇಡಂ. ‘ನೋ’ ನನಗೆ ಗೊತ್ತಿತ್ತು."