ಎಡಗೈಗೆ ಏರಿಸಿದ ಬಾಟಲಿ

ಇದು ನಡೆದದ್ದು ಸಿಂದಗಿಯಲ್ಲಿ ಅಲ್ಲ, ಬಸವನ ಬಾಗೇವಾಡಿಯಲ್ಲಿ ಇರಬೇಕು. ಇಷ್ಟು ವರ್ಷ ಇದನ್ನು ಹೇಳುವಾಗಲೆಲ್ಲ ಸಿಂದಗಿ ಎಂದೇ ಹೇಳುತ್ತ ಬಂದಿದ್ದೇನೆ, ಕೇಳಿದವರೂ ನಂಬಿದ್ದಾರೆ. ಆದರೆ ಆ ದಿನ ಬಾಗೇವಾಡಿ ದಾರಿಯ ಮನಗೂಳಿಯಲ್ಲಿ ಬಸ್ಸು ನಿಂತದ್ದು, ಕಂಡಕ್ಟರ್ ಚಹಾ ಕುಡಿಯಲು ಇಳಿದು ತಿರುಗಿ ಬರದೆ ನನ್ನ ಜೀವ ಹಿಂಡಿದ್ದು ಚೆನ್ನಾಗಿ ನೆನಪಿದೆ. ಇಂಡಿಯಿಂದ ಸಿಂದಗಿಗೆ ಹೋಗುವವನಿಗೆ ಮನಗೂಳಿ ಎಲ್ಲಿ ಸಿಗುತ್ತದೆ? ಆ ಕಂಡಕ್ಟರ್ ಬೇರೆ ಯಾವುದೋ ಪ್ರಯಾಣದಿಂದ ಇಳಿದು ಈ ಪ್ರಯಾಣಕ್ಕೆ ಹತ್ತಿಕೊಂಡಿರಲೂಬಹುದು. ಇರಲಿ, ಬಾಗೇವಾಡಿ ಎಂದೇ ಬರೆಯುತ್ತೇನೆ.

ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ಬಸ್ ನಿಲ್ದಾಣದ ಕಂಟ್ರೋಲರ್ ಆಗಿದ್ದವರು. ಮುದ್ದೇಬಿಹಾಳ, ಸಿಂದಗಿ, ಬಾಗೇವಾಡಿ, ಕೊನೆಗೆ ಇಂಡಿ. ಮದುವೆ ಆಗಲಿಲ್ಲ. ನಿವೃತ್ತಿಯಾದ ಮೇಲೆ ಇಂಡಿಯಲ್ಲಿ ನಮ್ಮ ಮನೆಯಲ್ಲೇ ಇದ್ದರು. ರಕ್ತದೊತ್ತಡ ಬಹಳ ವರ್ಷಗಳಿಂದ ಇತ್ತು. ನೆನಪಾದ ದಿನ ಗುಳಿಗೆ, ಮರೆತ ದಿನ ಇಲ್ಲ. ಕಾಲು ಬಾತು ಚಪ್ಪಲಿ ಹಿಡಿಸದಾದಾಗ ಸೊಲ್ಲಾಪುರಕ್ಕೆ ಕರೆದುಕೊಂಡು ಹೋದೆ. ಎರಡೂ ಕಿಡ್ನಿ ಬಹಳಷ್ಟು ಹೋಗಿವೆ, ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಯಬೇಕು, ಮುಂದೆ ಯಂತ್ರದಿಂದ ರಕ್ತ ತೊಳೆಯಬೇಕಾಗುತ್ತದೆ ಎಂದರು ಡಾಕ್ಟರು. ಉಪ್ಪು ಕಡಿಮೆ. ನೀರು ಅಳತೆಯಲ್ಲಿ. ಬಾಳೆಹಣ್ಣು, ಎಳನೀರು ಬಂದ್. ಮೊಣಕಾಲು ನೋಯುತ್ತದೆಂದು ಅಂಗಡಿಯ ನೋವಿನ ಗುಳಿಗೆ ನುಂಗಕೂಡದು. ಇವೆಲ್ಲಕ್ಕಿಂತ ಮುಖ್ಯ, ಎಡಗೈಗೆ ಇನ್ನು ಯಾರೂ ಸೂಜಿ ಚುಚ್ಚಬಾರದು. ಆ ಕೈಯ ನರವನ್ನು ಸಣ್ಣ ಆಪರೇಷನ್ ಮಾಡಿ ದಪ್ಪಗಾಗಿಸಿ, ಯಂತ್ರಕ್ಕೆ ಅಲ್ಲಿಂದಲೇ ರಕ್ತ ತೆಗೆಯುವುದು. ಬಲಗೈ ಊಟಕ್ಕೆ, ಕೆಲಸಕ್ಕೆ ಬೇಕು, ಅದಕ್ಕೇ ಎಡಗೈ.

ಕಾಕಾಗೆ ತಿಳಿಯಲಿಲ್ಲ ಎಂದು ಹೇಳುವಂತಿಲ್ಲ. ಬರುವಾಗ ಬಸ್ಸಿನಲ್ಲಿ ಪಕ್ಕದವನಿಗೆ ಅವರೇ ಬಿಡಿಸಿ ಹೇಳಿದರು: ಡಿಪೋದಾಗ ಬಸ್ ಎಲ್ಲ ಕೆಟ್ಟು ನಾಕೈದು ಉಳದಾವ, ಹಂಗಾಗಿ ಮಂದಿನ್ನ ಕಡಿಮಿ ಹತ್ತಸಬೇಕು, ಇಷ್ಟ. ಪಕ್ಕದವನು ತಲೆಯಾಡಿಸಿದ. ಇಷ್ಟು ಚಂದ ಹೇಳಿದ ಮನುಷ್ಯ ಮನೆಗೆ ಬಂದು ಉಪ್ಪಿನಕಾಯಿ ಭರಣಿ ಎಲ್ಲಿ ಎಂದು ಕೇಳಿದರು.

ಮುಂದಿನ ದಿನಗಳಲ್ಲಿ ನಾನು ಮಾಡಿದ ಕೆಲಸವೆಂದರೆ ಬಾಗಿಲು ಕಾಯುವುದು. ಇಂಡಿಯ ಕಡೆ ಹರಳಿನ ತೊಂದರೆ ಮನೆಮನೆಗೂ ಇದೆ. ಕಿಡ್ನಿ ಎಂದರೆ ಹರಳು, ಹರಳು ಎಂದರೆ ನೀರು. ಹಳೆಯ ಡ್ರೈವರುಗಳು, ಕಂಡಕ್ಟರುಗಳು, ಕ್ಯಾಂಟೀನಿನವರು ಒಬ್ಬೊಬ್ಬರಾಗಿ ಎಳನೀರು ಹಿಡಿದುಕೊಂಡು ಬಂದರು. ಕುಡೀರಿ ಸಾಹೇಬ್ರ, ತೊಳಕೊಂಡ್ ಹೋಗ್ತೈತಿ ಎನ್ನುವುದು. ಇದು ಹರಳಲ್ಲ, ನೀರು ಹೊರಗೆ ಹೋಗುವುದೇ ಇಲ್ಲ, ಒಳಗೇ ನಿಲ್ಲುತ್ತದೆ ಎಂದು ನಾನು ಹೇಳುವುದು. ಅವರು ನನ್ನ ಮಾತು ಪೂರ್ತಿ ಕೇಳಿ, ಹೌದೆಂದು, ಹೋಗುವಾಗ ಎಳನೀರನ್ನು ಕಾಕಾನ ಮಂಚದ ಕೆಳಗೆ ಇಟ್ಟು ಹೋಗುವುದು. ನಾನು ಅವನ್ನು ಎತ್ತಿ ಹಿತ್ತಲಿಗೆ ಒಯ್ಯುವುದು. ಕಾಕಾ ಇದನ್ನೆಲ್ಲ ಬೇರೆ ಯಾರದೋ ಮನೆಯ ಜಗಳದಂತೆ ನೋಡುತ್ತ ಕೂಡುತ್ತಿದ್ದರು.

ಬಂದವರ ಎರಡನೆಯ ಪ್ರಶ್ನೆ: ಸಲೈನ್ ಹಚ್ಚಿಲ್ಲೇನ್ರಿ?

ನಮ್ಮ ಕಡೆ ಉಪಚಾರ ಎಂದರೆ ಸಲೈನ್ ಬಾಟಲಿ. ಜ್ವರ ಬಿಟ್ಟ ಮೇಲೆ ಒಂದು, ಮಗಳ ಮದುವೆ ಮುಗಿಸಿ ದಣಿದರೆ ಒಂದು. ಮಂಚದ ಮೇಲೆ ಮಲಗಿಸಿ, ಮೊಳೆಗೆ ಬಾಟಲಿ ತೂಗುಹಾಕಿ, ಮನೆಯವರೊಬ್ಬರು ಹನಿ ನೋಡುತ್ತ ಪಕ್ಕದಲ್ಲಿ ಕೂಡುತ್ತಾರೆ. ಬಾಟಲಿ ಏರಿಸದ ಕಾಯಿಲೆಯನ್ನು ಕಾಯಿಲೆ ಎನ್ನುವವರಿಲ್ಲ, ಏರಿಸದ ಡಾಕ್ಟರನನ್ನು ಡಾಕ್ಟರ್ ಎನ್ನುವವರಿಲ್ಲ. ಕಾಕಾಗೂ ಅದೇ ಕೊರಗು. ಒಂದು ದಿನ ನನಗೆ ನೇರವಾಗಿಯೇ ಹೇಳಿದರು.

"ಏನೂ ನೋಯಂಗಿಲ್ಲ, ಏನೂ ಕೊಡಂಗಿಲ್ಲ. ನಿಮ್ಮ ಡಾಕ್ಟರ್ ಕೊಟ್ಟದ್ದೇನು ತಮ್ಮಾ? ಬರೇ ಬ್ಯಾಡ ಬ್ಯಾಡ ಅನ್ನೂದು."

ಎಡಗೈ ನೆನಪಿರಲೆಂದು ಮಣಿಕಟ್ಟಿಗೆ ಕೆಂಪು ದಾರ ಕಟ್ಟಿದೆವು. ಕಟ್ಟಿದ್ದು ನಾನು ಎಂದು ನನ್ನ ನೆನಪು, ತಾನು ಎಂದು ನನ್ನ ಹೆಂಡತಿ. ಈ ಜಗಳ ಇನ್ನೂ ಮುಗಿದಿಲ್ಲ.

ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಅದಕ್ಕೆ ಸ್ವಲ್ಪ ಮೊದಲು ಬಾಗೇವಾಡಿಯ ಹಳೆಯ ಡ್ರೈವರನೊಬ್ಬನ ಮೊಮ್ಮಗನ ಜಾವಳ ಬಂತು. ಹೋಗಬೇಡಿ ಎಂದೆ. ಮಗುವಿನ ಕೂದಲು ತೆಗೆಯುವುದಕ್ಕೂ ತಮ್ಮ ಕಿಡ್ನಿಗೂ ಏನು ಸಂಬಂಧ ಎಂದು ಕೇಳಿದರು. ನನಗೆ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ. ಕಾಕಾ ಒಬ್ಬರೇ ಹೋದರು.

ಮರುದಿನ ವಿಜಾಪುರದ ಬಸ್ಸಿನ ಕಂಡಕ್ಟರನೊಬ್ಬ ಕಾಲೇಜಿಗೇ ಬಂದು, ಸಿಹಿ ಸುದ್ದಿ ತಂದವನ ಮುಖ ಮಾಡಿಕೊಂಡು ಹೇಳಿದ: ಸಾಹೇಬರಿಗೆ ಭಾಳ ದಣಿವಾಗಿತ್ತು, ಎರಡು ಬಾಟಲಿ ಏರಿಸ್ಯಾರ, ಕಾಳಜಿ ಮಾಡಬ್ಯಾಡ್ರಿ.

ಆಮೇಲೆ ನಾನು ಹೊರಟದ್ದು, ಮೊದಲು ಹೇಳಿದ ಮನಗೂಳಿ, ಚಹಾ, ಆ ಕಂಡಕ್ಟರ್. ಇದ್ದರೆ.

ಡ್ರೈವರನ ಮನೆಯ ಪಡಸಾಲೆಯಲ್ಲಿ ಕಾಕಾ ಗೋಡೆಗೆ ಒರಗಿ ಕೂತಿದ್ದರು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ರಾತ್ರಿಯಿಡೀ ಹಾಗೇ ಕೂತಿದ್ದರಂತೆ. ಮುಖ ಬಾತಿತ್ತು. ಸುತ್ತ ಹತ್ತು ಮಂದಿ. ಎಡಗೈ ಮುಂಗೈಯಿಂದ ಮೊಣಕೈವರೆಗೆ ನೀಲಿ. ಒಂದು ಕಡೆ ಸೂಜಿ ಸರಿದು ನೀರು ನರದ ಹೊರಗೆ ಇಳಿದಿತ್ತು, ಮತ್ತೊಂದು ಕಡೆ ಚುಚ್ಚಿದ್ದರು. ಕೆಂಪು ದಾರ ಮೊಣಕೈಯ ಮೇಲೆ ಇತ್ತು. ಯಾವುದೋ ದೇವರ ಹರಕೆಯದು ಇರಬೇಕೆಂದು ತಿಳಿದು, ಮೈಲಿಗೆ ಆಗದಿರಲೆಂದು, ಡ್ರೈವರನ ಹೆಂಡತಿ ಅದನ್ನು ನಮಸ್ಕಾರ ಮಾಡಿ ಮೇಲೆ ಸರಿಸಿದ್ದಳು.

"ಒಂದ ಸಾಕು ಅಂದ್ರು ನಮ್ಮೂರ ಡಾಕ್ಟರು, ನಾ ಬಿಡಲಿಲ್ಲ," ಎಂದ ಡ್ರೈವರ್. "ಎರಡ್ ಹಾಕ್ರಿ ಅಂದೆ. ನಮ್ಮ ಸಾಹೇಬ್ರು ಅಂದ್ರ ಏನು?"

"ಎಡಗೈಗೆ ಯಾಕ ಹಾಕಿಸಿದ್ರಿ?"

"ಬಲಗೈಲೆ ಹೋಳಿಗಿ ಉಣಬೇಕಲ್ರಿ."

ಸೊಲ್ಲಾಪುರದ ಡಾಕ್ಟರೂ ಇದನ್ನೇ ಹೇಳಿದ್ದರು. ಕೂಗಾಡಿದೆನೆಂದು ನನ್ನ ಹೆಂಡತಿಗೆ ಹೇಳಿದ್ದೆ. ಕೂಗಾಡಲಿಲ್ಲ ಎಂದು ಈಗ ಅನಿಸುತ್ತದೆ. ಕೂಗಾಡುವಷ್ಟು ಸಮಯ ಇರಲಿಲ್ಲ. ಡ್ರೈವರನೇ ಯಾರದೋ ಜೀಪು ತಂದು, ಅವನೇ ಓಡಿಸಿದ, ಚೆನ್ನಾಗಿ ಓಡಿಸಿದ. ವಿಜಾಪುರದಲ್ಲಿ ನೀರು ಇಳಿಸುವ ಇಂಜೆಕ್ಷನ್ ಕೊಟ್ಟರು, ಹೆಚ್ಚೇನೂ ಇಳಿಯಲಿಲ್ಲ. ಅಲ್ಲಿಂದ ಆಕ್ಸಿಜನ್ ಹಚ್ಚಿಕೊಂಡು ಸೊಲ್ಲಾಪುರ. ಕುತ್ತಿಗೆಯ ನರಕ್ಕೆ ನಳಿಕೆ ಹಾಕಿ ಯಂತ್ರಕ್ಕೆ ಜೋಡಿಸಿದರು. ಬೆಳಗಾಗುವಷ್ಟರಲ್ಲಿ ಕಾಕಾ ಮಲಗಿ ಉಸಿರಾಡುತ್ತಿದ್ದರು. ಎದ್ದು ಮೊದಲು ಕೇಳಿದ್ದು ಡ್ರೈವರ್ ಊಟ ಮಾಡಿದನೇ ಎಂದು.

ಬಾವು ಇಳಿದ ಮೇಲೆ ಆಪರೇಷನ್ ಮಾಡುವ ಡಾಕ್ಟರು ಎಡಗೈಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿ, ನರ ಗಟ್ಟಿಯಾಗಿದೆ, ಇದು ಬರುವುದಿಲ್ಲ ಎಂದರು. ಬಲಗೈಗೆ ಮಾಡಿದರು. ಅದು ನಡೆಯಿತು. ಅಂದಿನಿಂದ ಯಂತ್ರದ ದಿನಗಳಲ್ಲಿ ಕಾಕಾ ಬಲಗೈ ಮಿಸುಕಾಡಿಸುವಂತಿರಲಿಲ್ಲ. ನನ್ನ ಹೆಂಡತಿ ಕಟ್ಟಿಕೊಟ್ಟ ಅವಲಕ್ಕಿಯನ್ನು ನಾನು ಚಮಚದಲ್ಲಿ ಉಣಿಸಬೇಕು, ಅವರು ಉಪ್ಪಿಲ್ಲ ಎಂದು ಬೈಯಬೇಕು. ಇಂಡಿಯಿಂದ ಸೊಲ್ಲಾಪುರಕ್ಕೆ ವಾರಕ್ಕೆರಡು ಸಲ ಬಸ್ಸು. ದಾರಿಯ ನಿಲ್ದಾಣಗಳಲ್ಲಿ ಎಳನೀರು ಹಿಡಿದು ಕಿಟಕಿಗೆ ಬರುವ ಹಳೆಯ ಸ್ನೇಹಿತರು. ನಾನು ಕಿಟಕಿಯ ಕಡೆ ಕೂಡಲು ಶುರುಮಾಡಿದೆ.

ಒಂದು ಸಲ ಯಂತ್ರ ತಿರುಗುತ್ತಿದ್ದಾಗ ಕೇಳಿಯೇಬಿಟ್ಟೆ. ಕಾಕಾ, ಆ ಕೈ ಬ್ಯಾಡ ಅಂತ ನೀವ್ ಒಂದ್ ಮಾತು ಹೇಳಬಾರದಿತ್ತೇನ್ರಿ? ನಿದ್ದೆ ಹತ್ತಿತ್ತು ಎಂದರು. ಇನ್ನೊಂದು ಸಲ ಕೇಳಿದಾಗ ಬೇರೆ ಉತ್ತರ ಕೊಟ್ಟರು:

"ಅಷ್ಟು ಮಂದಿ ಕೂಡಿ ಮಾಡಾಕತ್ತಿದ್ರಪಾ. ಬ್ಯಾಡ ಅಂತ ಹೆಂಗ ಅನ್ನೂದು?"

ಅವರು ತೀರಿಕೊಂಡ ಮೇಲೆ ಮಾತಾಡಿಸಲು ಬಂದ ಡ್ರೈವರ್ ಮೂರನೆಯ ಉತ್ತರ ಹೇಳಿದ. ಬಾಗೇವಾಡಿಯ ಡಾಕ್ಟರು ಮೊದಲು ಬಲಗೈ ಹಿಡಿದಿದ್ದರಂತೆ, ಕಾಕಾ ಅದನ್ನು ಬಿಡಿಸಿಕೊಂಡು ಎಡಗೈ ತಾವೇ ಚಾಚಿದರಂತೆ. ಅವನು ಸುಳ್ಳು ಹೇಳುವ ಮನುಷ್ಯನಲ್ಲ. ಆದರೆ ತನ್ನ ಮೇಲಿನ ಭಾರ ಇಳಿಸಿಕೊಳ್ಳಬೇಕಾದವನೂ ಅವನೇ.

ಚಾಚಿದ್ದರೆ ಮರೆತು ಚಾಚಿದರೋ, ಆಪರೇಷನ್ ತಪ್ಪಲಿ ಎಂದು ಚಾಚಿದರೋ, ನನಗೆ ಗೊತ್ತಿಲ್ಲ. ಆ ನರ ಬಾಟಲಿಯಿಂದಲೇ ಕೆಟ್ಟಿತೋ ಮೊದಲೇ ಹಾಗಿತ್ತೋ ಎಂದು ಸೊಲ್ಲಾಪುರದ ಡಾಕ್ಟರನ್ನು ಕೇಳಿದ್ದೆ. ಹೇಳಲಿಕ್ಕೆ ಬರುವುದಿಲ್ಲ ಎಂದಿದ್ದರು.