ಟ್ಯಾಂಕು ಬಿದ್ದರೆ ಯಾರು ಹೊಣೆ

ನಮ್ಮೂರಿನ ನೀರಿನ ಟ್ಯಾಂಕು ಇವತ್ತೋ ನಾಳೆಯೋ ಬೀಳುತ್ತದೆ ಎಂದು ಮೊದಲು ಹೇಳಿದವರು ಪಂಚಾಯಿತಿಯವರು. ಅಂಗನವಾಡಿಯ ಪಕ್ಕದಲ್ಲಿರುವ ಆ ಟ್ಯಾಂಕಿನ ಕಂಬಗಳ ಮೇಲೆ ಒಂದು ಬೆಳಿಗ್ಗೆ ಕೆಂಪು ಬಣ್ಣದಲ್ಲಿ ‘ಶಿಥಿಲ’ ಎಂದು ಬರೆಸಿದರು. ಇದನ್ನು ಒಡೆದು ಇಲ್ಲೇ ಹೊಸದು ಕಟ್ಟುತ್ತಾರೆ, ಕೆಲಸ ಆಗಲೇ ಮಂಜೂರಾಗಿದೆ ಎಂದು ನೀರುಗಂಟಿ ಹೇಳಿದ.

ನನ್ನ ಹಿಟ್ಟಿನ ಗಿರಣಿ ಇರುವುದು ಆ ಟ್ಯಾಂಕಿನ ಎದುರಿಗೇ. ನಮ್ಮೂರು ತುರುವೇಕೆರೆಯಿಂದ ದಬ್ಬೇಘಟ್ಟದ ಕಡೆಗೆ ಹೋಗುವ ದಾರಿಯಲ್ಲಿದೆ. ಮದುವೆಯಾಗಿ ಇಲ್ಲಿಗೆ ಬಂದಂದಿನಿಂದ ಆ ಟ್ಯಾಂಕಿನ ನೀರನ್ನೇ ಕುಡಿದಿದ್ದೇನೆ. ಅದು ಸೋರಿದ್ದನ್ನು ಒಮ್ಮೆಯೂ ಕಂಡಿರಲಿಲ್ಲ. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ಆದರೆ ಊರಿನ ಇನ್ನೊಂದು ತುದಿಯಲ್ಲಿ ಇನ್ನೊಂದು ಟ್ಯಾಂಕಿದೆ. ಅದನ್ನು ಕಟ್ಟಿ ಕೆಲವು ವರ್ಷಗಳಾದವು, ಪೈಪು ಮಾತ್ರ ಇವತ್ತಿಗೂ ಜೋಡಿಸಿಲ್ಲ. ಒಂದು ಕೊಡ ನೀರನ್ನೂ ಕಾಣದೆ ಬಣ್ಣ ಮಾಸಿ ನಿಂತಿದೆ. ಅದನ್ನು ಕಟ್ಟಿದ ಗುತ್ತಿಗೆದಾರನೇ ಈಗ ಇದನ್ನೂ ಕಟ್ಟುವವನು.

ನಮ್ಮ ಪಕ್ಕದ ಮನೆಯಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಸಂಬಂಧದಲ್ಲಿ ಏನೂ ಅಲ್ಲದಿದ್ದರೂ ಅವರನ್ನು ನಾನು ಮಾವ ಎಂದೇ ಕರೆಯುವುದು. ಗಟ್ಟಿಯಾಗಿರುವುದನ್ನು ಒಡೆಯುವ ಮೊದಲು ಪರೀಕ್ಷೆಯಾದರೂ ಮಾಡಿಸಿ, ಆ ಒಣ ಟ್ಯಾಂಕಿಗೆ ಮೊದಲು ಪೈಪು ಹಾಕಿಸಿ ಎಂದು ಕೇಳೋಣ ಎಂದವರು ಅವರೇ. ಗಿರಣಿಗೆ ಬಂದ ಹೆಂಗಸರೆಲ್ಲ ಹೌದು ಹೌದು ಎಂದರು. ಅರ್ಜಿಗೆ ಸಹಿ ಹಾಕುವ ಹೊತ್ತಿಗೆ ಒಬ್ಬಳಿಗೆ ಒಲೆಯ ಮೇಲಿಟ್ಟ ಸಾರು ನೆನಪಾಯಿತು, ಇನ್ನೊಬ್ಬಳಿಗೆ ದನಕ್ಕೆ ನೀರು ತೋರಿಸದಿದ್ದದ್ದು. ಕೊನೆಗೆ ಮಾವನದೂ ನನ್ನದೂ ಸೇರಿ ಬೆರಳೆಣಿಕೆಯಷ್ಟು ಸಹಿಗಳಾದವು. ತಾಲ್ಲೂಕು ಕಚೇರಿಯಲ್ಲಿ ಕೊಟ್ಟು ಬಂದೆವು.

ನಮ್ಮ ಪಂಚಾಯಿತಿಗೆ ಅಧ್ಯಕ್ಷೆ ಒಬ್ಬ ಹೆಂಗಸು. ಆಡಳಿತವೆಲ್ಲ ಅವಳ ಗಂಡನದು. ಅವರ ಮನೆಯಿಂದ ಗಿರಣಿಗೆ ಯಾವಾಗಲೂ ಆಳು ಬರುತ್ತಿದ್ದ. ಆ ವಾರ ಅಧ್ಯಕ್ಷೆಯ ಗಂಡ ತಾವೇ ರಾಗಿಯ ಚೀಲವನ್ನು ಬೈಕಿನ ಮೇಲಿಟ್ಟುಕೊಂಡು ಬಂದರು. ನಗುತ್ತಲೇ ಇದ್ದರು. ಬೆಂಚಿನ ಮೇಲೆ ಕೂತು, ಮಿಷನ್ನಿನ ಸದ್ದು ನಿಲ್ಲುವವರೆಗೂ ಕಾದರು. ಆಮೇಲೆ ನನ್ನ ಮಗಳ ಓದಿನ ಬಗ್ಗೆ ವಿಚಾರಿಸಿದರು. ಅವಳು ಆಗ ತಿಪಟೂರಿನ ಕಾಲೇಜಿಗೆ ಹೋಗಿ ಬರುತ್ತಿದ್ದಳು.

“ಸಂಜೆ ಯಾವ ಬಸ್ಸಿಗೆ ಇಳೀತಾಳಮ್ಮ ಅವ್ಳು?” ಎಂದರು.

ಚೀಲದ ಬಾಯಿ ಕಟ್ಟುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು.

“ಕಾಲ ಸರಿಯಿಲ್ಲ, ಅದಕ್ಕೆ ಕೇಳ್ದೆ ಕಣಮ್ಮ. ನಾವೆಲ್ಲ ಒಂದೇ ಊರ್ನೋರು. ಅರ್ಜಿ ಗಿರ್ಜಿ ಎಲ್ಲ ನಿಂಗ್ಯಾಕೆ? ಬುಟ್ಬುಡು.”

ಅಷ್ಟು ಹೇಳಿ, ಹಿಟ್ಟು ಇನ್ನೂ ಬಿಸಿಯಿರುವಾಗಲೇ ಚೀಲ ಎತ್ತಿಕೊಂಡು ಹೋದರು. ಅವತ್ತಿನಿಂದ ಸಂಜೆಯಾದರೆ ಗಿರಣಿಗೆ ಬೀಗ ಹಾಕಿ ಬಸ್ ಸ್ಟಾಪಿನಲ್ಲಿ ಹೋಗಿ ನಿಲ್ಲತೊಡಗಿದೆ. ಮಗಳಿಗೆ ಕಾರಣ ಹೇಳಲಿಲ್ಲ. ಅವಳು ಒಂದೆರಡು ದಿನ ರೇಗಿದಳು, ಆಮೇಲೆ ನನ್ನ ಮುಖ ನೋಡಿ ಕೇಳುವುದನ್ನು ಬಿಟ್ಟಳು.

ಗ್ರಾಮಸಭೆ ಹತ್ತಿರ ಬಂದಾಗ ನನ್ನ ಗಂಡ ಒಂದು ಬೆಳಿಗ್ಗೆ ತೋಟದಿಂದ ಬೇಗ ವಾಪಸು ಬಂದರು. ಜಗಲಿಯ ಮೇಲೆ ಕೂತರು. ಆ ಮುಂಗಾರಿನಲ್ಲಿ ನೆಟ್ಟ ತೆಂಗಿನ ಸಸಿಗಳ ಒಂದು ಸಾಲಿನಲ್ಲಿ ಸುಳಿಗಳನ್ನೆಲ್ಲ ಯಾರೋ ಕಿತ್ತು ಹಾಕಿದ್ದರು. ದನ ಮೇಯ್ದಿದ್ದರೆ ಗರಿಯೂ ಹೋಗಿರುತ್ತಿತ್ತು. ಇಲ್ಲಿ ಗರಿಗಳು ಹಾಗೇ ಇದ್ದವು, ನಡುವಿನ ಸುಳಿ ಮಾತ್ರ ಇರಲಿಲ್ಲ. ಸುಳಿ ಹೋದ ಸಸಿ ಬದುಕುವುದಿಲ್ಲ ಎನ್ನುವುದನ್ನು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಪೊಲೀಸಿಗೆ ಹೇಳೋಣವೆಂದೆ. ಯಾರ ಹೆಸರು ಹೇಳುತ್ತೀಯ ಎಂದು ಅವರು ಕೇಳಿದರು. ಆಮೇಲೆ, “ನೀನು ಸಭೆಗೆ ಹೋಗ್ಬೇಡ ಅಂತ ನಾನು ಅನ್ನಲ್ಲ ಕಣೇ. ಆದ್ರೆ ನಂಗೆ ಹೆದ್ರಿಕೆ ಆಗೈತೆ,” ಎಂದರು. ಮದುವೆಯಾದಾಗಿನಿಂದ ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ಹೋಗುವುದಿಲ್ಲವೆಂದು ಆಗಲೇ ಮನಸ್ಸಿನಲ್ಲಿ ತೀರ್ಮಾನಿಸಿಬಿಟ್ಟೆ.

ಆದರೆ ಸಭೆ ನಡೆದದ್ದು ಶಾಲೆಯ ಅಂಗಳದಲ್ಲಿ, ಗಿರಣಿಯ ಬಾಗಿಲಿಗೆ ಎಲ್ಲ ಕೇಳಿಸುವಷ್ಟು ಹತ್ತಿರದಲ್ಲಿ. ಮಾವ ಒಬ್ಬರೇ ಎದ್ದು ನಿಂತು ಟ್ಯಾಂಕಿನ ಮಾತು ತೆಗೆದದ್ದು ಕೇಳಿಸಿತು. ಯಾರೋ ಹಿಂದಿನಿಂದ ಕಂಡಕ್ಟರ್ ದನಿಯಲ್ಲಿ ‘ರೈಟ್, ರೈಟ್’ ಎಂದು ಕೂಗಿದರು. ಎಲ್ಲರೂ ನಕ್ಕರು. ಮಾವನ ಮಾತು ತಪ್ಪಿತು. ನಾನು ಹೇಗೆ ಅಲ್ಲಿಗೆ ಹೋದೆನೋ ಗೊತ್ತಿಲ್ಲ, ತಲೆ ಮೇಲಿನ ಹಿಟ್ಟನ್ನೂ ಕೊಡವಿಕೊಂಡಿರಲಿಲ್ಲ. ಮಾವ ಕೇಳುತ್ತಿರುವುದನ್ನೇ ನಾವೂ ಕೇಳುತ್ತಿದ್ದೇವೆ ಎಂದೆ.

ವೇದಿಕೆಯ ಮೇಲೆ ಅಧ್ಯಕ್ಷೆ ತಲೆ ತಗ್ಗಿಸಿ ಕೂತಿದ್ದಳು. ಅವಳ ಪಕ್ಕದಿಂದ ಎದ್ದವರು ಅವಳ ಗಂಡ.

“ಕೆಳಗೆ ಅಂಗನವಾಡಿ ಐತೆ. ನಾಳೆ ಟ್ಯಾಂಕು ಬಿದ್ರೆ ಯಾರು ಹೊಣೆ? ನೀನು ಹೊರ್ತೀಯೇನಮ್ಮ?”

ಮಕ್ಕಳನ್ನು ಸೊಂಟದ ಮೇಲಿಟ್ಟುಕೊಂಡಿದ್ದ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು.

“ಪರೀಕ್ಷೆ ಮಾಡ್ಸಿ,” ಎಂದೆ. “ಕೆಟ್ಟೈತೆ ಅಂದ್ರೆ ಅವತ್ತೇ ಒಡೀರಿ. ನಾನು ಅಡ್ಡ ಬರಲ್ಲ.”

ತಾಲ್ಲೂಕಿನಿಂದ ಬಂದಿದ್ದ ಅಧಿಕಾರಿ ಅದನ್ನು ಬರೆದುಕೊಂಡರು. ಪರೀಕ್ಷೆಯಾಗುವವರೆಗೆ ಒಡೆಯುವಂತಿಲ್ಲ ಎಂದಾಯಿತು. ಮಾವ ಗೆದ್ದೆವು ಎಂದರು. ನನಗೆ ಮಾತ್ರ ನಿಜವಾದ ಹೆದರಿಕೆ ಶುರುವಾದದ್ದು ಅಲ್ಲಿಂದಲೇ.

ಅದುವರೆಗೆ ನನಗಿದ್ದದ್ದು ಮನುಷ್ಯರ ಭಯ. ಈಗ ಟ್ಯಾಂಕಿನ ಭಯ ಹತ್ತಿತು. ಅದು ಗಟ್ಟಿಯಾಗಿದೆ ಎಂದು ನನಗೆ ಹೇಳಿದವರು ಯಾರು? ಸೋರಲಿಲ್ಲ ಎಂಬುದೊಂದನ್ನು ಬಿಟ್ಟರೆ ನನಗೇನು ಗೊತ್ತಿತ್ತು? ಗಿರಣಿಯ ಬಾಗಿಲಲ್ಲಿ ನಿಂತರೆ ಕಣ್ಣು ತಾನಾಗಿ ಮೇಲೆ ಹೋಗುತ್ತಿತ್ತು. ಮೋಡ ಓಡುವಾಗ ಟ್ಯಾಂಕೇ ನಮ್ಮ ಕಡೆ ವಾಲಿದಂತೆ ಕಾಣುತ್ತಿತ್ತು. ತೋಟದಲ್ಲಿ ಒಣಗರಿ ಧೊಪ್ಪನೆ ಬಿದ್ದರೂ ಕೈಲಿದ್ದದ್ದನ್ನು ಬಿಟ್ಟು ಹೊರಗೆ ಓಡುತ್ತಿದ್ದೆ. ಅಂಗನವಾಡಿಯ ಮಕ್ಕಳು ಕಂಬಗಳನ್ನು ಸುತ್ತಿ ಆಡುತ್ತಿದ್ದವು. ಅವುಗಳ ಕೂಗು ನಿಂತರೆ ಭಯ, ಜೋರಾದರೂ ಭಯ. ಗಿರಣಿಗೆ ಬರುವವರೂ ಕಡಿಮೆಯಾಗಿದ್ದರು. ದಬ್ಬೇಘಟ್ಟಕ್ಕೆ ಹೋಗಿ ಹಿಟ್ಟು ಮಾಡಿಸಿಕೊಂಡು ಬರುವವರು ನನ್ನ ಮುಂದೆಯೇ ಮುಖ ತಿರುಗಿಸಿಕೊಂಡು ಬಸ್ ಇಳಿಯುತ್ತಿದ್ದರು. ಮಿಷನ್ ಸುಮ್ಮನಿದ್ದದ್ದರಿಂದ ಹೊರಗಿನ ಒಂದೊಂದು ಸದ್ದೂ ಕೇಳಿಸುತ್ತಿತ್ತು.

ಹೀಗಿರುವಾಗ ಒಂದು ಗಾಳಿಮಳೆಯ ಮಾರನೆಯ ದಿನ ಕಂಬದ ಬುಡದಲ್ಲಿ ಅಂಗೈಯಗಲದ ಸಿಮೆಂಟಿನ ಚಕ್ಕೆ ಬಿದ್ದಿತ್ತು. ಮೇಲೆ ನೋಡಿದೆ, ಅದು ಬಿಟ್ಟ ಜಾಗ ಬೆಳ್ಳಗೆ ಕಾಣುತ್ತಿತ್ತು. ಚಕ್ಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮಾವನ ಹತ್ತಿರ ಹೋದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ನನ್ನ ಕೈಗೇ ವಾಪಸು ಕೊಟ್ಟು, “ಅವ್ರು ಲೆಕ್ಕ ಕೊಡ್ಲಿ ಅಂತ ಕೇಳ್ದೋರು ನಾವು. ಇದನ್ನ ಮುಚ್ಚಿಟ್ರೆ ನಾವ್ಯಾವ ಮುಖ ಇಟ್ಕಂಡು ಕೇಳಾನವ್ವ?” ಎಂದರು.

ಮೊದಲು ಅಂಗನವಾಡಿ ಟೀಚರಿಗೆ ಹೇಳಿದೆ. ಅವರು ಮಕ್ಕಳನ್ನೆಲ್ಲ ಶಾಲೆಯ ಜಗಲಿಗೆ ಕರೆದುಕೊಂಡು ಹೋದರು. ಆಮೇಲೆ ಮಾವನೂ ನಾನೂ ಪಂಚಾಯಿತಿಗೆ ನಡೆದೆವು. ಚಕ್ಕೆಯನ್ನು ಪಿಡಿಒ ಮೇಜಿನ ಮೇಲಿಟ್ಟು, ಟ್ಯಾಂಕಿನಿಂದ ಬಿದ್ದದ್ದು, ಪರೀಕ್ಷೆ ತಡ ಮಾಡಬೇಡಿ ಎಂದೆ. ಅಲ್ಲೇ ಕೂತಿದ್ದ ಅಧ್ಯಕ್ಷೆಯ ಗಂಡ ಚಕ್ಕೆಯನ್ನೂ ನನ್ನನ್ನೂ ನೋಡಿ ನಕ್ಕು, “ಈಗ ದಾರಿಗೆ ಬಂದೆ,” ಎಂದರು. ಪಿಡಿಒ ನಗಲಿಲ್ಲ. ನಮ್ಮೆದುರೇ ಫೋನ್ ಎತ್ತಿಕೊಂಡು ಎಂಜಿನಿಯರ್ ಕಚೇರಿಯವರ ಹತ್ತಿರ ಮಾತನಾಡಿದರು.

ಎಂಜಿನಿಯರುಗಳು ಬಂದ ದಿನ ಊರೆಲ್ಲ ಸೇರಿತ್ತು. ನಾನು ಗಿರಣಿಯ ಒಳಗೇ ಇದ್ದೆ. ಪಿಸ್ತೂಲಿನಂಥ ಒಂದು ಉಪಕರಣವನ್ನು ಕಂಬಗಳಿಗೆ ಒತ್ತಿ ಒತ್ತಿ ನೋಡುತ್ತಿದ್ದರು. ಒಂದೊಂದು ಸಲ ಟಪ್ಪೆಂದಾಗಲೂ ಬಾಗಿಲ ಸಂದಿಯಿಂದ ಇಣುಕುತ್ತಿದ್ದೆ. ಕೆಟ್ಟಿದೆ ಎಂದು ಅವರು ಹೇಳಿದರೆ ಈ ಊರಿನಲ್ಲಿ ಇನ್ನು ತಲೆಯೆತ್ತುವಂತಿಲ್ಲ. ಆದರೂ ಕೆಟ್ಟಿದ್ದರೆ ಕೆಟ್ಟಿದೆ ಎಂದೇ ಹೇಳಲಿ ದೇವರೇ ಎಂದು ಬೇಡಿಕೊಂಡೆ. ಆ ಮಕ್ಕಳ ತಲೆಯ ಮೇಲೆ ಅದು ಇಷ್ಟು ದಿನ ನಿಂತಿದ್ದದ್ದು ನನ್ನ ಮಾತಿನಿಂದ.

ಕೆಲವು ವಾರಗಳ ನಂತರ ವರದಿ ಬಂತು. ಕಂಬಗಳೂ ತೊಟ್ಟಿಯೂ ಗಟ್ಟಿಯಾಗಿವೆ, ಉದುರಿದ್ದು ಮೇಲಿನ ಗಾರೆ ಮಾತ್ರ, ಗಾರೆ ಮಾಡಿಸಿ ಏಣಿ ಬದಲಿಸಿದರೆ ಸಾಕು ಎಂದಿತ್ತು. ಮಾವ ಬಂದು ಹೇಳಿದಾಗ ನಾನು ರಾಗಿಯ ಚೀಲದ ಮೇಲೆ ಕುಸಿದು ಕೂತು ಅತ್ತೆ. ಸಂತೋಷಕ್ಕಲ್ಲ, ಸುಸ್ತಿಗೆ.

ಒಡೆಯುವ ಕೆಲಸ ರದ್ದಾಯಿತು, ಗಾರೆ ಕೆಲಸವಾಯಿತು. ಊರ ತುದಿಯ ಆ ಒಣ ಟ್ಯಾಂಕಿಗೆ ಪೈಪು ಇನ್ನೂ ಬಂದಿಲ್ಲ, ಪ್ರತಿ ಸಭೆಯಲ್ಲೂ ಕೇಳುತ್ತಲೇ ಇದ್ದೇವೆ. ಸುಳಿ ಕಿತ್ತವರು ಯಾರೆಂದು ಗೊತ್ತಾಗಲೇ ಇಲ್ಲ. ಬಿಟ್ಟುಹೋಗಿದ್ದ ಹೆಂಗಸರು ಏನೂ ಆಗಿಯೇ ಇಲ್ಲವೆಂಬಂತೆ ಒಬ್ಬೊಬ್ಬರಾಗಿ ಮತ್ತೆ ಗಿರಣಿಗೆ ಬಂದರು. ಮಗಳು ಓದು ಮುಗಿಸಿದಳು.

ಮೊನ್ನೆ ಅಧ್ಯಕ್ಷೆ ಒಬ್ಬಳೇ ಬಂದಿದ್ದಳು, ಅಕ್ಕಿ ಹಿಟ್ಟು ಮಾಡಿಸಲು. ಅವಳೊಂದಿಗೆ ನಾನು ಎಂದೂ ಕೂತು ಮಾತನಾಡಿದವಳಲ್ಲ. ಹಿಟ್ಟು ಬೀಳುವುದನ್ನೇ ನೋಡುತ್ತಾ ನಿಂತಿದ್ದವಳು, ಮಿಷನ್ ನಿಲ್ಲಿಸಿದಾಗ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದಳು. “ಮುಂದಿನ ಸಭೆಗೂ ಬತ್ತೀಯಲ್ವಾ ಅಕ್ಕ?” ಎಂದಳು.

ಬಾ ಎನ್ನುತ್ತಿದ್ದಾಳೋ, ಬರಬೇಡ ಎನ್ನುತ್ತಿದ್ದಾಳೋ, ಗಂಡ ಕೇಳಿಕೊಂಡು ಬಾ ಎಂದು ಕಳಿಸಿದ್ದಾನೋ, ಮುಖ ನೋಡಿದರೆ ತಿಳಿಯಲಿಲ್ಲ. ಬತ್ತೀನಿ ಎಂದೆ. ಹಿಟ್ಟು ತುಂಬುವಾಗ ಒಂದಿಷ್ಟು ನೆಲಕ್ಕೆ ಚೆಲ್ಲಿತು. ಅವಳು ಅದನ್ನು ನೋಡಿ, ಡಬ್ಬ ಎತ್ತಿಕೊಂಡು ಹೋದಳು.