ಹೊಸಬರು ಬಂದಾಗ ತೆರೆಯುವ ಚಿತ್ರ

ಹೊಸದುರ್ಗದ ಫ್ಲೆಕ್ಸ್ ಅಂಗಡಿಯ ಜುಂಜಣ್ಣನಿಗೆ ಇಸ್ತ್ರಿ ಅಂಗಿ ಹಾಕಿ ಬ್ಯಾಗ್ ಹಿಡಿದವರೆಲ್ಲ ರೇಡಿಗೆ ಬಂದವರಂತೆಯೇ ಕಾಣುತ್ತಾರೆ. ಅವನ ಡಿಸೈನ್ ಸಾಫ್ಟ್‌ವೇರ್ ದುಡ್ಡು ಕೊಡದೆ ಹಾಕಿಕೊಂಡ ಕಳ್ಳ ಕಾಪಿ. ಅದನ್ನು ತೆರೆಯುವ ಮುನ್ನ ನೆಟ್ ವೈರ್ ಕಿತ್ತು, ಕಿಟಕಿ ಮುಚ್ಚಿ, ಆಮೇಲೆ ಫ್ಯಾನಿನ ಸದ್ದಿಗೂ ಬೆಚ್ಚುತ್ತಾನೆ. ಹೊಸಬರು ಮೆಟ್ಟಿಲು ಹತ್ತಿದರೆ ಸಾಕು, ಯಾರೂ ಕೇಸು ಹಾಕಲಾಗದಂತೆ ಪುಕ್ಕಟೆ ಸಿಗುವ ಓಪನ್‌ಸೋರ್ಸ್ ಸಾಫ್ಟ್‌ವೇರ್ ತೆರೆದು, "ಬರ್ರಿ ಸಾರ್, ಕುಂತ್ಕಳ್ರಿ, ನಮ್ದೆಲ್ಲ ಇದ್ರಾಗೇ" ಎನ್ನುತ್ತಾ ಬೆವರುತ್ತಾನೆ. "ಲೇ, ಹಂಗಾರೆ ದಿನಾ ಅದ್ರಾಗೇ ಮಾಡು" ಎಂದು ಪಕ್ಕದ ಸ್ಟುಡಿಯೋದ ಬಾಲರಾಜು ಬೈದರೆ, "ಹಳೇ ಫೈಲು ಅದ್ರಾಗೆ ತೆಗೆದ್ರೆ ಅಕ್ಷರ ಎಲ್ಲಾ ಚೆಲ್ಲಾಪಿಲ್ಲಿ ಆಗ್ತಾವೆ, ಗಿರಾಕಿ ಉಳೀತಾರೇನಲೇ?" ಎಂಬ ಇನ್ನೊಂದು ಹೆದರಿಕೆ ಹೊರಬೀಳುತ್ತದೆ. ಬಂದವರ ಮುಂದೆ ಕೈ ಸುಮ್ಮನಿರಬಾರದೆಂದು ಆ ಪುಕ್ಕಟೆ ಸಾಫ್ಟ್‌ವೇರಿನಲ್ಲೊಂದು ಚಿತ್ರ ಗೀಚುತ್ತಾ ಬಂದಿದ್ದಾನೆ. ಆರು ವರ್ಷದ ಹೆದರಿಕೆಯೆಲ್ಲ ಸೇರಿ ಈಗ ಅಲ್ಲಿ ಕಂಬಳಿ ಹೊದ್ದು, ಕುರಿಮರಿ ಎತ್ತಿಕೊಂಡು, ತೀರಿಹೋದ ಅವನ ಅವ್ವ ನಿಂತಿದ್ದಾಳೆ. ಊರಿನ ಸತ್ತವರಿಗೆಲ್ಲ ಫೋಟೊ ಹಾಕಿ ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿದವನ ಬಳಿ ಅವ್ವನದು ಒಂದೂ ಫೋಟೊ ಇಲ್ಲ. ಕಂಬಳಿಯ ಎಳೆ ಎಳೆಯೂ ಮುಗಿದಿದೆ, ಕಣ್ಣು ಮಾತ್ರ ಬರೆದಿಲ್ಲ. ರೇಡಿನವರು ಬಂದರೆ ಕಾಲು ಹಿಡಿಯಬಹುದು. ಬರೆದ ಕಣ್ಣು ಅವ್ವನದಲ್ಲದೆ ಹೋದರೆ ಯಾರ ಕಾಲು ಹಿಡಿಯುವುದು?